ರೈಲಿಲ್ಲದ ಊರಿಗೆ ಎರಡಡಿ ಹಳಿ

ಕಬ್ಬಿಣ ಕಂಡಲ್ಲಿ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಡುವ ಚಟ ನನಗಿದೆ. ಇದರಿಂದ ಆದ ಮುಜುಗರ ಒಂದೆರಡಲ್ಲ. ಹೋದ ತಿಂಗಳು ಬೈಲಹೊಂಗಲದಲ್ಲಿ ಮಗಳ ಮನೆಗೆ ಹೊಸ ಗೇಟು ಕೂಡಿಸಿದ್ದರು. ಬೀಗರೆಲ್ಲ ಅಂಗಳದಲ್ಲಿ ನಿಂತು ಅದರ ಮೇಲಿನ ನವಿಲಿನ ಚಿತ್ತಾರವನ್ನು ಹೊಗಳುತ್ತಿದ್ದರೆ ನಾನು ಬಗ್ಗಿ ಗೇಟಿನ ಕಾಲನ್ನು ತಟ್ಟಿ ನೋಡುತ್ತಿದ್ದೆ. "ಒಳಗ ಪೊಳ್ಳ ಐತಿ" ಎಂದು ಬಾಯಿಂದ ಬಂದೇಬಿಟ್ಟಿತು. ಅಳಿಯ ಏನೂ ಕೇಳಿಸದವನಂತೆ ನವಿಲನ್ನೇ ನೋಡುತ್ತ ನಿಂತ. ಮಗಳು ಚಹಾದ ನೆಪ ಮಾಡಿ ನನ್ನನ್ನು ಒಳಗೆ ಎಳೆದುಕೊಂಡು ಹೋಗಿ, "ಅವ್ವಾ, ನೀ ಗೇಟ್ ನೋಡಾಕ ಬಂದೀಯೋ, ಕಲ್ಲಂಗಡಿ ಕೊಳ್ಳಾಕ ಬಂದೀಯೋ?" ಎಂದು ಗದರಿದಳು.

ತಪ್ಪು ನನ್ನದಲ್ಲ, ನಾನು ಬೆಳೆದ ಓಣಿಯದು. ಸವದತ್ತಿ ತಾಲೂಕಿನ ಸಿರಸಂಗಿಯಲ್ಲಿ ನಮ್ಮ ಮನೆ, ಅದರ ಎದುರಿಗೇ ಕಂಬಾರಸಾಲಿ. ಕಮ್ಮಾರನ ಕುಲುಮೆಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಮಕ್ಕಳು ಓದಲು ಹೋಗುವುದೂ ಸಾಲಿಗೇ. ಹೀಗಾಗಿ ಪುಸ್ತಕದ ಚೀಲ ಹೆಗಲಿಗೇರಿಸಿ ಹೊರಬಿದ್ದವಳು ಅರ್ಧ ತಾಸು ಕುಲುಮೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರೂ, ಅಪ್ಪ ಕೇಳಿದಾಗ "ಸಾಲಿಗೆ ಹೋಗಿದ್ದೆ" ಎಂದು ಧೈರ್ಯವಾಗಿ ಹೇಳಬಹುದಿತ್ತು. ಅಪ್ಪ ಆ ಇನ್ನೊಂದು ಸಾಲಿಯ ಮಾಸ್ತರರೇ ಆಗಿದ್ದರಿಂದ ಈ ಜಾಣತನ ಒಂದೇ ವಾರ ನಡೆಯಿತು.

ಅಪ್ಪನ ಸಾಲಿಯಲ್ಲೂ ನನಗೆ ಹಿಡಿಸಿದ್ದು ಕಬ್ಬಿಣವೇ. ಅಂಗಳದ ಬೇವಿನ ಮರಕ್ಕೆ ಗಂಟೆಯೆಂದು ರೈಲು ಹಳಿಯ ಒಂದು ತುಂಡು ಕಟ್ಟಿದ್ದರು. ಅದನ್ನು ಬಡಿದರೆ ಊರಾಚೆಯ ಹೊಲದವರೆಗೆ ಕೇಳುತ್ತಿತ್ತು. "ಇಂಥಾದ್ರ ಮ್ಯಾಲೆ ರೈಲು ಓಡತೈತಿ" ಎಂದು ಅಪ್ಪ ಹೇಳಿದ್ದರು. ರೈಲನ್ನೇ ಕಾಣದ ನಾನು ಅದನ್ನು ನನಗೆ ತಿಳಿದ ಹಾಗೆ ಕಲ್ಪಿಸಿಕೊಂಡೆ. ಹಳಿ ಮರಕ್ಕೆ ನೇತುಬಿದ್ದಿದೆಯೆಂದರೆ ರೈಲು ಮರದಿಂದ ಮರಕ್ಕೆ ತೂಗುತ್ತ ಹೋಗುತ್ತಿರಬೇಕು! ಈ ತಿಳುವಳಿಕೆಯನ್ನು ತರಗತಿಯಲ್ಲಿ ಎದ್ದು ನಿಂತು ಹೇಳಿದ ದಿನ ಅಪ್ಪನೂ ನಕ್ಕರು. ಆದರೆ ನನ್ನ ತಪ್ಪೇನು? ಬೈಲಹೊಂಗಲಕ್ಕಾಗಲಿ, ಕಿತ್ತೂರಿಗಾಗಲಿ, ಸವದತ್ತಿಗಾಗಲಿ, ರಾಮದುರ್ಗಕ್ಕಾಗಲಿ ರೈಲು ಬಂದಿರಲಿಲ್ಲ. ಬರುತ್ತದೆ ಬರುತ್ತದೆ ಎಂದು ಆಗಿನಿಂದ ಕೇಳುತ್ತಲೇ ನನ್ನ ತಲೆ ನರೆತಿದೆ. ನಮ್ಮಲ್ಲಿ ಎಷ್ಟೋ ಮಂದಿ ರೈಲಿಗಿಂತ ಮೊದಲು ಹಳಿ ನೋಡಿದವರು.

ಇಷ್ಟೆಲ್ಲ ಹೇಳಿದ್ದು ಎರಡು ವರ್ಷದ ಹಿಂದಿನ ಒಂದು ಬೇಸಿಗೆಯ ಮಾತಿಗೆ ಬರಲಿಕ್ಕೆ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ಆಗಷ್ಟೇ ನಿವೃತ್ತಳಾಗಿ ಸವದತ್ತಿಯ ಮನೆಯಲ್ಲಿ ಹೊತ್ತು ಕಳೆಯುವುದು ಹೇಗೆಂದು ತಿಳಿಯದೆ ಕೂತಿದ್ದೆ. ಒಂದು ಮಂಗಳವಾರ ಸಿರಸಂಗಿಗೆ ಹೋಗಿ ಕಾಳಿಕಾದೇವಿಗೆ ಕಾಯಿ ಒಡೆಸಿದೆ. ಹಾಗೇ ಹಳೆಯ ಓಣಿಯ ಕಡೆ ಹೊರಳಿದೆ.

ಕಂಬಾರಸಾಲಿಯಲ್ಲಿ ಸದ್ದಿರಲಿಲ್ಲ. ಕಂಬಾರ ಮಾನಪ್ಪಣ್ಣ ಗೋಡೆಗೆ ಆತುಕೊಂಡು ಕೂತಿದ್ದ. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವನು. ಆದರೂ ನಾನು ಶಿಕ್ಷಕಿಯಾದ ದಿನದಿಂದ ಎಲ್ಲರ ಹಾಗೆ ನನ್ನನ್ನು "ಅಕ್ಕೋರ" ಎಂದೇ ಕರೆಯುತ್ತಾನೆ. ಅದರಲ್ಲಿ ಗೌರವವೆಷ್ಟು, ಚೇಷ್ಟೆಯೆಷ್ಟು ಎಂಬುದನ್ನು ನಾನು ಇನ್ನೂ ಪತ್ತೆ ಮಾಡಿಲ್ಲ.

"ಬರ್ರಿ ಅಕ್ಕೋರ, ಕುಂತ್ರಿ. ಕುಲುಮಿ ಆರೇತಿ ನೋಡ್ರಿ" ಅಂದ.

"ಯಾಕಣ್ಣಾ, ಏನಾತು?"

ಅವನು ಪಕ್ಕದಲ್ಲಿದ್ದ ಇಕ್ಕಳ ಎತ್ತಿ ಅಡಿಗಲ್ಲಿನ ಮೇಲೆ ಒಂದು ಏಟು ಹಾಕಿದ. ಕಾಯಿಸಿದ ಕಬ್ಬಿಣವನ್ನಿಟ್ಟು ಬಡಿಯುವ ಆ ಭಾರದ ಉಕ್ಕಿನ ಗಡ್ಡೆ ನಾನು ಚಿಕ್ಕವಳಿದ್ದಾಗಿನಿಂದ ಅದೇ ಜಾಗದಲ್ಲಿದೆ. ಅದರ ದನಿ ನನಗೆ ಮನೆಯವರ ದನಿಯಷ್ಟೇ ಗುರುತು. ಆವತ್ತು "ಠಣ್" ಅನ್ನಬೇಕಾದದ್ದು "ಠಪ್" ಅಂದಿತು. ಬಗ್ಗಿ ನೋಡಿದರೆ ನಡುವಿನಿಂದ ಬುಡದತನಕ ಕೂದಲೆಳೆಯಂಥ ಸೀಳು.

ಸೀಳು ಬಿಟ್ಟದ್ದು ಅಡಿಗಲ್ಲು ಮಾತ್ರವಲ್ಲ. ಹಿಂದಿನ ಚಳಿಗಾಲ ಹೊಲದ ಬದುವಿನಿಂದ ಜಾರಿ ಬಿದ್ದು ಮಾನಪ್ಪಣ್ಣನ ಬಲಭುಜ ಕೆಟ್ಟಿತ್ತು. ಆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಸುತ್ತಿಗೆ ಹಿಡಿಯಲೇಬೇಡ ಎಂದು ಡಾಕ್ಟರು ಹೇಳಿದ್ದರು. ಅದಕ್ಕೆ ಮೊದಲು ಗಂಡಹೆಂಡಿರ ಕೆಲಸ ನಡೆಯುತ್ತಿದ್ದ ರೀತಿ ಹೀಗೆ: ಅವನು ಕೆಳಗೆ ಮಣೆಯ ಮೇಲೆ ಕೂತು, ಎಡಗೈಯಲ್ಲಿ ಇಕ್ಕಳದಿಂದ ಕೆಂಪು ಕಬ್ಬಿಣ ಹಿಡಿದು, ಬಲಗೈಯ ಚಿಕ್ಕ ಸುತ್ತಿಗೆಯಿಂದ ಒಂದು ಕಡೆ ಟಕ್ ಎಂದು ತಟ್ಟುವುದು, ಅಲ್ಲೇ, ಅದೇ ಜಾಗದ ಮೇಲೆ, ಎದುರಿಗೆ ನಿಂತ ಅವನ ಹೆಂಡತಿ ಗಂಗವ್ವ ದೊಡ್ಡ ಸುತ್ತಿಗೆ ಬೀಸುವುದು. ಅಣ್ಣನ ಹೆಂಡತಿಯೆಂದು ನಾನು ವೈನಿ ಎನ್ನುವ ಗಂಗವ್ವ ಮೂವತ್ತೈದು ವರ್ಷ ಹಾಗೆ ಬೀಸಿದ್ದಳು. ಊರವರ ಕಣ್ಣಿಗೆ ಅವನು ಕಂಬಾರ, ಅವಳು ಕಂಬಾರನ ಹೆಂಡತಿ. ಭುಜ ಕೆಟ್ಟ ಮೇಲೂ ಆಕೆ ಇಕ್ಕಳ, ಸುತ್ತಿಗೆ ಎರಡನ್ನೂ ತಾನೇ ಹಿಡಿದು ಚಳಿಗಾಲ ದಾಟಿಸಿದ್ದಳು. ಈಗ ಅಡಿಗಲ್ಲೂ ಹೋಯಿತು.

"ಸಾಕ ಮಾಡೂಣು ಅಂತ ಮಾಡೇನಿ" ಎಂದ ಮಾನಪ್ಪಣ್ಣ. "ರಾಮದುರ್ಗದಾಗ ಮಗಳು ಒಂದ ಖೋಲಿ ತಗದ ಇಟ್ಟಾಳ. ಬಾಗಲಾ ಹಾಕಿ ಹೋಗೂದು."

ಒಳಗಿನಿಂದ ನೀರಿನ ತಂಬಿಗೆ ಹಿಡಿದು ಬಂದ ವೈನಿ ಅದನ್ನು ನನ್ನ ಮುಂದಿಟ್ಟು ಹೇಳಿದಳು: "ಹಾಕಲಿ ಬಿಡ್ರಿ ಅಕ್ಕೋರ. ಬಾಗಲಾ ಹಾಕ್ಕೊಂಡ ಒಳಗ ಅವರು ಕುಂದ್ರಲಿ. ಹೊರಗ ಕಟ್ಟಿ ಮ್ಯಾಲೆ ನಾ ಕುಲುಮಿ ಹೂಡತೇನಿ."

"ಎದರ ಮ್ಯಾಲೆ ಬಡೀತೀ? ನನ್ನ ತಲಿ ಮ್ಯಾಲೆ?" ಎಂದು ಅವನು ರೇಗಿದ. "ಬೆಳಗಾವಿ ಪ್ಯಾಟ್ಯಾಗ ಹೊಸಾ ಅಡಗಲ್ಲ ನೋಡಿ ಬಂದೇನ್ರಿ. ಎಲ್ಲಾ ಬೀಡು. ಎರಕಾ ಹೊಯ್ದ ಕಬ್ಬಿಣ. ನಾಕ ಏಟ ಬಿದ್ರ ಮೂಲಿ ಉದರತೈತಿ. ಇನ್ನೊಂದ ತಿಂಗಳಿಗೆ ಮಳಿ. ರೈತರು ಬರ್ತಾರ, ಸುಮ್ನ ಕುಂತಿದ್ದ ನೋಡಿ ಮುನವಳ್ಳಿಗೆ ಹೋಗ್ತಾರ. ಒಮ್ಮೆ ಹೋದ ಗಿರಾಕಿ ತಿರಗಿ ಬರೂದಿಲ್ಲ."

ನನ್ನ ಬಾಯಿ ಸುಮ್ಮನಿರಲಿಲ್ಲ. "ರೈಲಿನ ಹಳಿ ತುಂಡು ಸಿಕ್ಕರ ಆಗೂದಿಲ್ಲೇನಣ್ಣಾ?" ಎಂದೆ.

ಮಾನಪ್ಪಣ್ಣ ನನ್ನನ್ನು ನೋಡಿದ. ಹಾಗೆ ನೋಡಿದ್ದು ಬಹುಶಃ ಅದೇ ಮೊದಲು, ಮಾಸ್ತರರ ಮಗಳಿಗೂ ಬುದ್ಧಿಯಿದೆ ಎಂಬಂತೆ. "ಹಳಿ ಅಂದ್ರ ಹದಾ ಹಿಡಿಯೂ ಕಬ್ಬಿಣರಿ ಅದು. ನಮ್ಮಪ್ಪ ಅದರಾಗ ಒಂದ ಚಾಣಾ ಮಾಡಿದ್ದ. ಇಪ್ಪತ್ತ ವರ್ಷ ಕಬ್ಬಿಣಾ ಕಡಿದ್ರೂ ಬಾಯಿ ಹೋಗಲಿಲ್ಲ." ಅಷ್ಟು ಹೇಳಿ ಮತ್ತೆ ಗೋಡೆಗೆ ಒರಗಿದ. "ಆದ್ರ ನಮ್ಮ ಕಡೆ ರೈಲ ಎಲ್ಲೈತಿ?"

ರೈಲಿಲ್ಲದಿದ್ದರೇನು, ಸವದತ್ತಿಯ ನಮ್ಮ ಓಣಿಯಲ್ಲಿ ರಜಿಯಾಬೇಗಂ ಇದ್ದಳು. ಆಕೆಯ ಅಣ್ಣ ದಸ್ತಗೀರಸಾಬರದು ಹುಬ್ಬಳ್ಳಿಯಲ್ಲಿ ಗುಜರಿ ಅಂಗಡಿ. ಮನೆಗೆ ಬಂದವಳೇ ಆಕೆಯಿಂದ ಫೋನು ಮಾಡಿಸಿದೆ. ಎರಡು ದಿನದ ಮೇಲೆ ಮಾನಪ್ಪಣ್ಣ, ವೈನಿ, ನಾನು ಮೂವರೂ ಹುಬ್ಬಳ್ಳಿಯ ಬಸ್ಸು ಹತ್ತಿದೆವು.

ದಸ್ತಗೀರಸಾಬರು ಕನ್ನಡಕದ ಮುರಿದ ಕಾಲಿಗೆ ದಾರ ಕಟ್ಟಿಕೊಂಡ ಹಿರಿಯರು. "ಬರ್ರಿ ಟೀಚರಮ್ಮ, ತಂಗಿ ಹೇಳಿದ್ಲು. ಹಳಿ ಬೇಕಂತಲ್ಲ, ಮನಿ ಬಾಗಲತನಕಾ ರೈಲ ಬಿಡಾವ್ರೇನು?" ಎಂದು ನಗಿಸಿದರು. ಆಮೇಲೆ ದನಿ ತಗ್ಗಿಸಿ ಗಂಭೀರವಾಗಿ ಹೇಳಿದರು: "ನೋಡ್ರಿ, ಇದು ಸರಕಾರಿ ಮಾಲು. ನಾ ಲಿಲಾವದಾಗ ಸವಾಲ ಕೂಗಿ ತಗೊಂಡದ್ದು, ಕಾಗದ ಐತಿ. ನಿಮಗೂ ಚೀಟಿ ಬರದ ಕೊಡತೇನಿ, ಜ್ವಾಕಿ ಇಟ್ಕೊಳ್ರಿ. ಚೀಟಿ ಇಲ್ದ ಒಂದ ಗೇಣ ಹಳಿ ಸುದ್ದಾ ನನ್ನ ಅಂಗಡಿಯಿಂದ ಹೊರಗ ಹೋಗೂದಿಲ್ಲ."

ಅಂಗಡಿಯ ಹಿಂದೆ ಗರಗಸದಿಂದ ಕೊಯ್ದ ಹಳಿಯ ತುಂಡುಗಳು ಬಿದ್ದಿದ್ದವು. ಸಾಲಿಯ ಆ ಗಂಟೆಯ ನಂತರ ಹಳಿಯನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಮತ್ತೆ ನನ್ನದಾಯಿತು. ಕೊಯ್ದ ಬದಿಯಿಂದ ನೋಡಿದರೆ ಮನುಷ್ಯನ ಹಾಗಿದೆ: ಮೇಲೆ ದಪ್ಪ ತಲೆ, ನಡುವೆ ಸಣ್ಣ ಸೊಂಟ, ಕೆಳಗೆ ಅಗಲ ಪಾದ. ತಲೆಯ ಮೇಲೆ ಗಾಲಿ ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುವ ಪಟ್ಟಿ. ಸೊಂಟದ ಮೇಲೆ ಉಬ್ಬಿದ ಅಕ್ಷರಗಳು, ಅರ್ಧ ತುಕ್ಕು ನುಂಗಿದವು. ನಾನು ಕೂತು ಅವನ್ನು ಓದಲು ನೋಡಿದೆ. ಇದರ ಮೇಲೆ ಎಷ್ಟು ಗಾಡಿ ಹೋಗಿರಬಹುದು, ಯಾರು ಯಾರು ಯಾವ ಊರಿಗೆ ಹೋಗಿರಬಹುದು, ಅಳುತ್ತ ಎಷ್ಟು ಮಂದಿ, ನಗುತ್ತ ಎಷ್ಟು ಮಂದಿ ಎಂದೆಲ್ಲ ಗಟ್ಟಿಯಾಗಿಯೇ ಅಂದುಕೊಳ್ಳುತ್ತಿದ್ದೆನೆಂದು ಕಾಣುತ್ತದೆ.

"ಅಕ್ಕೋರ, ಹೋದ ಮಂದೀನ ಆಮ್ಯಾಲೆ ಎಣಸ್ರಿ. ಮೊದಲ ಇದರಾಗ ಸೀಳ ಐತೇನ ನೋಡೂಣು" ಎಂದಳು ವೈನಿ.

ಆಕೆ ಮೂರು ತುಂಡು ಆರಿಸಿ ಒಂದೊಂದನ್ನೂ ಕಲ್ಲಿನಿಂದ ತಟ್ಟಿ ಕಿವಿಗೊಟ್ಟಳು. ಮೂರೂ ನನಗೆ ಒಂದೇ ತರಹ ಕೇಳಿಸಿದವು. ಆಕೆ ಮಾತ್ರ ಮೊದಲನೆಯದರ ಮೇಲೆ ಕೈಯಿಟ್ಟು, "ಇದರ ದನಿ ಎಲ್ಲೋ ಹರೀತೈತಿ" ಅಂದಳು. ಮಾನಪ್ಪಣ್ಣ ಒಪ್ಪಲಿಲ್ಲ. ಅದೇ ಎಲ್ಲಕ್ಕಿಂತ ನುಣುಪಾಗಿ, ತುಕ್ಕಿಲ್ಲದೆ ಕಾಣುತ್ತಿತ್ತು. "ಹಂಗಾರ ಸೀಮಿಎಣ್ಣಿ ಹಚ್ಚಿ ನೋಡೂಣು. ಸುಣ್ಣದ ಪುಡಿ ಎಲ್ಲೈತಿ?" ಎಂದ.

ಇಲ್ಲಿ ನನ್ನ ಮಾನ ಉಳಿಯಿತು. ನಿವೃತ್ತಿಯಾಗಿ ಮೂರು ತಿಂಗಳಾಗಿದ್ದರೂ ನನ್ನ ಕೈಚೀಲದಲ್ಲಿ ಎರಡು ಸೀಮೆಸುಣ್ಣದ ತುಂಡುಗಳಿದ್ದವು. ಏಕೆ ಇಟ್ಟುಕೊಂಡಿದ್ದೆ ಎಂದು ಕೇಳಬೇಡಿ. ವೈನಿ ಹಳಿಯ ಮೈಗೆಲ್ಲ ಸೀಮೆಎಣ್ಣೆ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಅರಿವೆಯಿಂದ ಒಣಗುವಂತೆ ಒರೆಸಿದಳು. ನಾನು ಸೀಮೆಸುಣ್ಣ ಪುಡಿ ಮಾಡಿ ಮೇಲೆ ಉದುರಿಸಿದೆ. ಬೆಳ್ಳಗಾದ ಹಳಿಯ ಸುತ್ತ ನಾಲ್ವರೂ ಬಗ್ಗಿ ನಿಂತೆವು. ನೋಡುನೋಡುತ್ತಿದ್ದಂತೆ ತಲೆಯ ಅಂಚಿನಿಂದ ಸೊಂಟಕ್ಕೆ ಒಂದು ಕಪ್ಪು ಗೆರೆ ಮೂಡಿತು. ಸೀಳಿನೊಳಗೆ ಅವಿತಿದ್ದ ಎಣ್ಣೆ ಮೆಲ್ಲಗೆ ಹೊರಬಂದು ಸುಣ್ಣವನ್ನು ತೋಯಿಸಿತ್ತು. ಮೂವತ್ತು ವರ್ಷ ಕರಿಹಲಗೆಯ ಮೇಲೆ ಬಿಳಿ ಗೆರೆ ಎಳೆದವಳಿಗೆ ಆ ಕಪ್ಪು ಗೆರೆ ಕಂಡು ಮೈ ಜುಮ್ಮೆಂದಿತು.

ಮಾನಪ್ಪಣ್ಣ ಎರಡನೆಯ ತುಂಡಿನ ಕಡೆ ತಿರುಗಿದ. ಅದರಲ್ಲಿ ಗೆರೆ ಮೂಡಲಿಲ್ಲ. ಎರಡು ಅಡಿ ಉದ್ದದ ಆ ತುಂಡನ್ನೇ ತೆಗೆದುಕೊಂಡೆವು. ದಸ್ತಗೀರಸಾಬರು ಮೇಲೆ ಒಂದು ಗೇಣುದ್ದದ ಚೂರು ಇಟ್ಟು, "ಇದು ನನ್ನ ಕಡಿಯಿಂದ. ಚಾಣಾ ಮಾಡ್ಕೊಳ್ರಿ" ಅಂದರು. ಅದನ್ನೂ ಚೀಟಿಯಲ್ಲಿ ಬರೆದರು.

ಬಸ್ಸಿನ ತುಂಬ ಎಲ್ಲಮ್ಮನ ಗುಡ್ಡಕ್ಕೆ ಹೊರಟವರು. ಗೋಣಿಚೀಲ ಸುತ್ತಿದ ಹಳಿಯನ್ನು ನಾನೂ ವೈನಿಯೂ ಎರಡು ಕಡೆ ಹಿಡಿದು ಏದುಸಿರು ಬಿಡುತ್ತ ಹತ್ತಿಸಿದೆವು. ಕಂಡಕ್ಟರು ಚೀಲವನ್ನು ಕಾಲಿನಿಂದ ಸರಿಸಲು ಹೋಗಿ ಕಾಲು ನೋಯಿಸಿಕೊಂಡ.

"ಏನೈತ್ರಿ ಇದರಾಗ?"

"ರೈಲು" ಎಂದೆ, ದಣಿವಿನಲ್ಲಿ.

"ರೈಲನ್ನ ಬಸ್ನ್ಯಾಗ ಒಯ್ಯಾಕತ್ತೀರಿ?"

ಚೀಟಿ ತೋರಿಸಿದೆ. ಅವನು ಅದನ್ನು ಎರಡು ಸಲ ಓದಿ, ಲಗೇಜಿನ ಟಿಕೀಟು ಹರಿದು ಕೊಟ್ಟ. ಅಷ್ಟರಲ್ಲಿ ಸುದ್ದಿ ಹಿಂದಿನ ಸೀಟಿನತನಕ ಹೋಗಿತ್ತು. ಉಗರಗೋಳದಲ್ಲಿ ಅಂಗಡಿಯಿಟ್ಟ ಒಬ್ಬ ಯಜಮಾನರು ಎದ್ದು ನಿಂತು ಘೋಷಿಸಿದರು: "ನಮ್ಮ ತಾಲೂಕಿಗೆ ರೈಲ ಬರೂದಿಲ್ಲ ಅಂತಿದ್ರೆಲ್ಲ, ನೋಡ್ರೀಗ. ಎರಡ ಫೂಟ ಬಂತು!" ಇಡೀ ಬಸ್ಸು ನಕ್ಕಿತು. ಒಬ್ಬ ಮುದುಕಿ ಮಾತ್ರ ನಗಲಿಲ್ಲ. ಇದು ಅಡಿಗಲ್ಲಾಗಲು ಹೊರಟಿದೆ ಎಂದು ವೈನಿಯಿಂದ ಕೇಳಿ ತಿಳಿದು, ಮಡಿಲಿನ ಚೀಲದಿಂದ ಚಿಟಿಕೆ ಭಂಡಾರದ ಅರಿಶಿನ ತೆಗೆದು, ಗೋಣಿ ಸರಿಸಿ ಹಳಿಯ ತಲೆಗೆ ಹಚ್ಚಿ ಕೈಮುಗಿದಳು. ಸವದತ್ತಿಯಲ್ಲಿ ಅದನ್ನು ಇಳಿಸಲು ನಾಲ್ಕು ಜನ ಮುಂದೆ ಬಂದರು.

ಇಷ್ಟು ಸಂಭ್ರಮದಿಂದ ಬಂದ ಹಳಿ ಮೊದಲ ದಿನವೇ ನಮ್ಮೆಲ್ಲರ ಮುಖಕ್ಕೆ ಹೊಡೆಯಿತು.

ರೈಲು ದಾರಿಯಲ್ಲಿ ಮಲಗಿರುವ ಹಾಗೆಯೇ ಅದನ್ನು ಕೊರಡಿನ ಮೇಲೆ ಅಡ್ಡ ಮಲಗಿಸಿ ನಾಲ್ಕು ಮೊಳೆ ಹೊಡೆದು ಕೂಡಿಸಿದರು. ವೈನಿ ಕೆಂಪಗೆ ಕಾದ ಕುಡುಗೋಲಿನ ಪಟ್ಟಿ ಇಟ್ಟು ಮೊದಲ ಏಟು ಹಾಕಿದಳು. ಹಳಿ ಹಾರಿತು. ಸುತ್ತಿಗೆ ವಾಪಸು ನೆಗೆದು ಆಕೆಯ ಮಣಿಕಟ್ಟು ಜಗ್ಗಿತು. ಕಾದ ಪಟ್ಟಿ ನನ್ನ ಕಾಲಿನಿಂದ ಒಂದು ಮಾರು ದೂರ ಹೋಗಿ ಬಿತ್ತು. ಸದ್ದೋ, ಓಣಿಯ ನಾಯಿಗಳೆಲ್ಲ ಒಟ್ಟಿಗೆ ಬೊಗಳಿದವು.

"ಕೆಳಗೆ ಉಸುಕು ಹಾಕಿ ನೋಡೂಣು" ಎಂದೆ. ಹಾಕಿದರು. "ಸರಪಳಿ ಬಿಗಿದರ?" ಬಿಗಿದರು. "ಇನ್ನೂ ನಾಲ್ಕು ಮೊಳೆ?" ಹೊಡೆದರು. ನನ್ನ ಒಂದೊಂದು ಸಲಹೆಗೂ ಹಳಿ ಸ್ವಲ್ಪ ಬೇರೆ ರೀತಿಯಲ್ಲಿ ಕುಣಿಯಿತು. ಮೂರು ದಿನ ಹೀಗೆ ನಡೆಯಿತು. ನಾನು ಬೆಳಗಿನ ಬಸ್ಸಿಗೆ ಬರುವುದು, ಸಂಜೆಯ ಬಸ್ಸಿಗೆ ಬಾಯಿ ಮುಚ್ಚಿಕೊಂಡು ಹೋಗುವುದು. ಮಾನಪ್ಪಣ್ಣ ಮೂರನೆಯ ದಿನ, "ಇದು ಓಡೂ ಕಬ್ಬಿಣ. ಕುಂದ್ರೂದಲ್ಲ" ಎಂದು ಎದ್ದುಹೋದ. ಆ ಸಂಜೆ ಅವನು ರಾಮದುರ್ಗದ ಮಗಳಿಗೆ ಫೋನು ಮಾಡಿ, ಬರುವ ಸೋಮವಾರ ಬರುತ್ತೇವೆಂದು ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ. ವೈನಿಯೂ ಕೇಳಿಸಿಕೊಂಡಳು.

ಮರುದಿನ ಹೋದಾಗ ಆಕೆ ಹಿತ್ತಲಲ್ಲಿ ಖಾರ ಕುಟ್ಟುತ್ತಿದ್ದಳು. ಸಿಟ್ಟೆಲ್ಲ ಒಣಮೆಣಸಿನಕಾಯಿಯ ಮೇಲೆ. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ನಿಂತಿದ್ದೆ. ಒನಕೆ ಏಳುತ್ತಿತ್ತು, ಬೀಳುತ್ತಿತ್ತು. ಇದ್ದಕ್ಕಿದ್ದಂತೆ ಆಕೆಯ ಕೈ ಮೇಲೆಯೇ ನಿಂತಿತು. ಒನಕೆಯನ್ನು ಒಮ್ಮೆ ಬುಡದಿಂದ ತುದಿಯವರೆಗೆ ನೋಡಿದಳು.

"ಅಕ್ಕೋರ, ಒನಕಿ ಅಡ್ಡ ಹಿಡದ ಯಾರರೆ ಖಾರಾ ಕುಟ್ಟತಾರೇನ್ರಿ?"

"ಇಲ್ಲ."

"ಮತ್ತ ನಾವ್ಯಾಕ ಹಳೀನ ಅಡ್ಡ ಮಲಗಿಸೇವಿ?"

ನಾನು ಅಲ್ಲೇ ಇದ್ದ ನೀರಿನ ಬಾನಿಯ ಅಂಚಿನ ಮೇಲೆ ಕೂತುಬಿಟ್ಟೆ. ಅಡ್ಡ ಮಲಗಿದ ಹಳಿಗೆ ಏಟಿನ ಕೆಳಗೆ ಇರುವುದು ಬರೀ ಸಣ್ಣ ಸೊಂಟ. ಬಿದ್ದ ಏಟಿಗೆ ಅದು ಬಿಲ್ಲಿನಂತೆ ಬಳುಕುತ್ತದೆ. ನೇರ ನಿಲ್ಲಿಸಿದರೆ ಎರಡು ಅಡಿ ಕಬ್ಬಿಣ ಪೂರಾ ಏಟಿನ ಕೆಳಗೇ ಇರುತ್ತದೆ. ವಸ್ತುವಿನ ರಾಶಿ, ಜಡತ್ವ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಸಿದವಳು ನಾನು, ಪ್ರಶ್ನೆಪತ್ರಿಕೆಯಲ್ಲಿ ಐದು ಅಂಕಕ್ಕೆ ಕೇಳಿದವಳು ನಾನು. ಮೂರು ದಿನ ಮೊಳೆ ಹೊಡೆಸುತ್ತ ಕೂತವಳೂ ನಾನೇ.

ಮಾನಪ್ಪಣ್ಣ ಮೊದಲು ಕೇಳಿಸಿಕೊಳ್ಳಲೇ ಇಲ್ಲ. ವೈನಿ ತಾನೇ ಹಳಿಯ ಮೊಳೆ ಕೀಳತೊಡಗಿದ ಮೇಲೆ ಹತ್ತಿರ ಬಂದ. ಹಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದೆವು. ಎಡಗೈಯಿಂದಲೇ ಒಂದು ಸಣ್ಣ ಏಟು ಹಾಕಿದ. ಹಳಿ ಅಲ್ಲಾಡಲಿಲ್ಲ. ಇನ್ನೊಂದು ಹಾಕಿದ.

"ಮ್ಯಾಲೆ ಜಾಗಾನ ಇಲ್ಲಲ್ಲಣ್ಣಾ, ಅಂಗೈಯಷ್ಟೂ ಇಲ್ಲ. ಎಲ್ಲಿ ಬಡಿಯೂದು?" ಎಂದು ನಾನು ಹೆದರಿದೆ.

"ಸುತ್ತಿಗಿ ಬಾಯಿ ಎಷ್ಟ ಐತಿ ನೋಡ್ರಿ. ಅಷ್ಟ ಜಾಗಾ ಸಾಕು" ಎಂದ. ಮೂರು ದಿನದಲ್ಲಿ ಮೊದಲ ಸಲ ಅವನ ದನಿಯಲ್ಲಿ ಬಿಸಿಯಿತ್ತು.

ಜಾಲಿಯ ಕೊರಡಿಗೆ ತೂತು ಕೊರೆದು ಹಳಿಯನ್ನು ಅದರಲ್ಲಿ ನಿಲ್ಲಿಸಿ, ಕೊರಡನ್ನು ನೆಲದಲ್ಲಿ ಹೂಳುವುದೆಂದಾಯಿತು. ಗುಂಡಿ ತೋಡಲು ನಾನೂ ಸಲಿಕೆ ಹಿಡಿದೆ. ಮಾನಪ್ಪಣ್ಣ ತನ್ನ ಮಣೆಯ ಮೇಲೆ ಕೂತು, ಒಂದು ಕೋಲಿನಿಂದ ಆಳ ಅಳೆಯುತ್ತ, "ಇನ್ನೊಂದ ಗೇಣ ತಗೀರಿ, ಇನ್ನೊಂದ ಗೇಣ" ಎನ್ನುತ್ತಿದ್ದ. ನನ್ನ ಅಂಗೈಯಲ್ಲಿ ಬೊಬ್ಬೆ ಬಂದಿದ್ದವು.

"ಯಾರ ಅಳತಿಗೆ ತಗಸಾಕತ್ತೀರಿ?" ಎಂದಳು ವೈನಿ.

"ಯಾರ ಅಳತಿ ಅಂದ್ರ? ಅಡಗಲ್ಲಿನ ಅಳತಿ."

"ಅಡಗಲ್ಲಿನ ಮು‌ಂದ ಇರಾಕಿ ಯಾರು?"

ಅವನ ಅಪ್ಪ ಕೂತು ಬಡಿದವನು, ಅಪ್ಪನ ಅಪ್ಪನೂ ಕೂತು ಬಡಿದವನು. ಆ ಹಳೆಯ ಅಡಿಗಲ್ಲಿನ ಎತ್ತರ ಕೂತ ಗಂಡಸಿನ ಎತ್ತರ. ಅದರ ಮುಂದೆ ನಿಂತವಳು ಮೂವತ್ತೈದು ವರ್ಷ ನಡು ಬಗ್ಗಿಸಿ ಬೀಸಿದ್ದಳೆಂಬುದು ನನಗೂ ಆವತ್ತೇ ಹೊಳೆದದ್ದು. ಮಾನಪ್ಪಣ್ಣ ಕೋಲನ್ನು ಮಣ್ಣಿನಲ್ಲಿ ಆಡಿಸುತ್ತ ಕೂತ. ಎಡಗೈ ತಾನಾಗಿ ಹೋಗಿ ಬಲಭುಜವನ್ನು ಹಿಡಿದುಕೊಂಡಿತ್ತು. ಬೈಯುತ್ತಾನೇನೋ ಎಂದು ನಾನು ಸಲಿಕೆಯ ಕಡೆ ನೋಡಿದೆ.

ಅವನು ಎದ್ದ. "ಬಾ ಇಲ್ಲಿ. ಸೆಟದ ನಿಂದ್ರು. ಕೈ ಇಳಿಬಿಡು. ಮುಷ್ಟಿ ಕಟ್ಟು."

ವೈನಿ ನಿಂತಳು. ಅವನು ಆಕೆಯ ಪಾದದ ಬಳಿ ಕೋಲು ಊರಿ, ಮುಷ್ಟಿಯ ಗೆಣ್ಣು ತಾಗಿದ ಕಡೆ ಉಗುರಿನಿಂದ ಗುರುತು ಮಾಡಿದ. ಇನ್ನೊಮ್ಮೆ ಅಳೆದ. "ಇಷ್ಟ" ಎಂದು ಕೋಲನ್ನು ನನ್ನ ಕೈಗೆ ಕೊಟ್ಟ. ಅಷ್ಟು ಹೊತ್ತು ತೋಡಿದ್ದರಲ್ಲಿ ಅರ್ಧ ಗುಂಡಿಯನ್ನು ನಾನೇ ಮತ್ತೆ ಮುಚ್ಚಬೇಕಾಯಿತು. ಅಷ್ಟು ಸಂತೋಷದಿಂದ ನಾನು ಯಾವ ಕೆಲಸವನ್ನೂ ಎರಡು ಸಲ ಮಾಡಿಲ್ಲ.

ಆ ಅಡಿಗಲ್ಲಿನ ಮೇಲೆ ಮೊದಲು ಬಿದ್ದದ್ದು ದಸ್ತಗೀರಸಾಬರು ಕೊಟ್ಟ ಹಳಿಯ ಚೂರೇ. ಹಳಿಯ ಮೇಲೆ ಹಳಿ. ವೈನಿ ಅದನ್ನು ಕಾಯಿಸಿ, ಬಡಿದು, ಚಾಣದ ಆಕಾರಕ್ಕೆ ತಂದು ನೀರಿನಲ್ಲಿ ಅದ್ದಿದಳು. ಒಂದು ಏಟು ನಾನು ಹಾಕುತ್ತೇನೆಂದು ದೊಡ್ಡ ಸುತ್ತಿಗೆ ಎತ್ತಿದವಳು ಕೊರಡಿಗೆ ಹೊಡೆದೆ. ಅದರ ಗುರುತು ಇನ್ನೂ ಇದೆ, ತೋರಿಸಿ ನಗುತ್ತಾರೆ. ತಣಿದ ಚಾಣ ಗಾಜಿನಂತೆ ಗಡಸಾಗಿ, ಪರೀಕ್ಷೆಗೆಂದು ಕಬ್ಬಿಣದ ಮೇಲಿಟ್ಟು ಹೊಡೆದ ಕೂಡಲೇ ಬಾಯಿ ಮುರಿಯಿತು. ವೈನಿಯ ಮುಖ ಚಿಕ್ಕದಾಯಿತು.

"ಇದಕ್ಕ ನೀರ ಬ್ಯಾಡ, ಎಣ್ಣಿ. ಆಮ್ಯಾಲೆ ಹಿಂದಿನ ಕಡಿಯಿಂದ ಮೆತ್ತಗ ಕಾಸು" ಎಂದ ಮಾನಪ್ಪಣ್ಣ. ಮುರಿದದ್ದನ್ನೇ ಮತ್ತೆ ಬಡಿದು, ಎಣ್ಣೆಯಲ್ಲಿ ತಣಿಸಿ, ಬಾಯಿಯನ್ನು ಉಜ್ಜಿ ಬೆಳ್ಳಗೆ ಮಾಡಿ, ಬೆನ್ನನ್ನು ಕೆಂಡದ ಕಡೆ ಹಿಡಿದಳು. ಬಿಸಿ ಹಿಂದಿನಿಂದ ಮುಂದಕ್ಕೆ ನಡೆದು ಬರುವುದು ಬಣ್ಣದಲ್ಲಿ ಕಾಣುತ್ತಿತ್ತು. ಬೆಳ್ಳಗಿದ್ದದ್ದು ಮೆಲ್ಲಗೆ ಹಳದಿಗೆ ತಿರುಗಿತು.

"ಗೋದಿ ಬಣ್ಣಕ್ಕ ಬಂದ ಕೂಡ್ಲೆ..." ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಆಕೆ ತೆಗೆದಾಗಿತ್ತು. "ಗೊತ್ತೈತಿ" ಅಂದಳು. "ನಿಮ್ಮ ಎದರಿಗೇನ ನಿಂತಿದ್ದೆ ಇಷ್ಟ ವರ್ಷ."

ಆ ಚಾಣ ಮುರಿಯಲಿಲ್ಲ.

ಸೋಮವಾರ ಬಂತು. ರಾಮದುರ್ಗಕ್ಕೆ ಯಾರೂ ಹೋಗಲಿಲ್ಲ. ಬಂದದ್ದು ಸುರೇಬಾನದ ಬಸಲಿಂಗಪ್ಪ, ಮಾನಪ್ಪಣ್ಣನ ವಾರಿಗೆಯ ರೈತ, ಹಳೆಯ ಗಿರಾಕಿ. ಕುಂಟೆಯ ಕುಡವನ್ನು, ಅಂದರೆ ಹೊಲದಲ್ಲಿ ಕಳೆ ಕತ್ತರಿಸುತ್ತ ಹೋಗುವ ಅಡ್ಡ ಅಲಗನ್ನು, ಹಣಿಸಲು, ಬಡಿದು ಹರಿತ ಮಾಡಿಸಲು, ತಂದಿದ್ದ. ನೆಟ್ಟಗೆ ನಿಂತ ಹಳಿಯನ್ನೂ ಅದರ ಮುಂದೆ ನೆಟ್ಟಗೆ ನಿಂತ ವೈನಿಯನ್ನೂ ನೋಡಿ ಅವನಿಗೆ ಅನುಮಾನ ಬಂತು.

"ಮಾನಪ್ಪ, ನೀನ ಹಣದಿದ್ರ ಛಲೋ ಇತ್ತು."

"ನನ್ನ ಕೈ ಏಳೂದಿಲ್ಲೋ ಮಾರಾಯಾ. ಕೊಡೂದಿದ್ರ ಅಕಿ ಕೈಯಾಗ ಕೊಡು. ಇಲ್ಲಾಂದ್ರ ಮುನವಳ್ಳಿ ಬಸ್ಸು ಈಗ ಬರತೈತಿ, ಹೋಗು" ಎಂದ ಮಾನಪ್ಪಣ್ಣ. ಹೇಳುವುದನ್ನು ಹೇಳಿಬಿಟ್ಟು ಬಾಗಿಲಿನ ಹೊರಗೆ ನೋಡುತ್ತ ಕೂತ.

ಬಸಲಿಂಗಪ್ಪ ಕೊಟ್ಟ. ಕೊಟ್ಟು ಹೋಗಲಿಲ್ಲ, ಕೈಕಟ್ಟಿಕೊಂಡು ಎದುರಿಗೇ ನಿಂತ. ವೈನಿ ಒಮ್ಮೆಯೂ ತಲೆಯೆತ್ತಲಿಲ್ಲ. ಏಟುಗಳು ಒಂದರ ಪಕ್ಕ ಒಂದು ಬಿದ್ದವು. ಮುಗಿದ ಮೇಲೆ ಬಸಲಿಂಗಪ್ಪ ಅಲಗಿನ ಮೇಲೆ ಹೆಬ್ಬೆರಳು ಆಡಿಸಿದ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ, ಟವೆಲಿನಲ್ಲಿ ಸುತ್ತಿಕೊಂಡು ಹೋದ.

"ಏನೂ ಅನ್ನಲಿಲ್ಲ" ಎಂದೆ ನಾನು.

"ಅನ್ನಾಂವಲ್ಲ ಅಂವ" ಎಂದಳು ವೈನಿ, ಸುತ್ತಿಗೆಯ ಹಿಡಿ ಒರೆಸುತ್ತ. ಆದರೆ ಆವತ್ತು ಆಕೆ ಊಟ ಮಾಡಿದ್ದು ಅರ್ಧ ರೊಟ್ಟಿ.

ಎಂಟು ದಿನದ ಮೇಲೆ ಒಂದು ಹದವಾದ ಮಳೆ ಬಿತ್ತು. ನನಗೆ ಸವದತ್ತಿಯಲ್ಲಿ ಕೂರಲಾಗಲಿಲ್ಲ. ಕೆಸರು ತುಳಿಯುತ್ತ ಕಂಬಾರಸಾಲಿಗೆ ಹೋಗಿ ಮೂಲೆಯಲ್ಲಿ ಕೂತಿದ್ದೆ. ಆಗ ಬಾಗಿಲಲ್ಲಿ ಬಸಲಿಂಗಪ್ಪ ಕಾಣಿಸಿದ. ಹೆಗಲ ಮೇಲೆ ಗೋಣಿಚೀಲ, ಅದರೊಳಗೆ ಕಬ್ಬಿಣ ಕಬ್ಬಿಣಕ್ಕೆ ತಾಗುವ ಸದ್ದು. ಬಾಗಿಲ ಬಳಿ ಮಣೆಯ ಮೇಲಿದ್ದ ಮಾನಪ್ಪಣ್ಣನನ್ನು ದಾಟಿ ಅವನು ನೇರ ಒಳಗೆ ಹೋಗಿ, ಚೀಲವನ್ನು ವೈನಿಯ ಕಾಲ ಬಳಿ ಇಳಿಸಿದ. ಐದು ಕುಡಗಳಿದ್ದವು. "ನಮ್ಮ ತಮ್ಮಂದು ಎರಡು, ಬಾಜೂ ಹೊಲದಾವ್ರವು ಮೂರು. ನಂದು ಹಣದಂಗ ಹಣೀಬೇಕಂತ ನೋಡ್ರಿ" ಎಂದ.

ಮಾನಪ್ಪಣ್ಣ ಕೆಮ್ಮಿದ. "ಏ ಬಸಲಿಂಗ, ಇಲ್ಲಿ ನಾನೊಬ್ಬಾಂವ ಕುಂತೇನಿ. ಕಾಣಸೂದಿಲ್ಲೇನು?"

"ಕಾಣಸ್ತೀಯಪಾ, ಯಾಕ ಕಾಣಸೂದಿಲ್ಲ?" ಎಂದ ಬಸಲಿಂಗಪ್ಪ ತಿರುಗಿ. "ನೀ ಗಾಳಿ ಹಾಕು."

ಮಾನಪ್ಪಣ್ಣ ಒಂದು ಗಳಿಗೆ ಅವನನ್ನೇ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ, ಕಣ್ಣಲ್ಲಿ ನೀರು ಬರುವಷ್ಟು. ನಗುತ್ತಲೇ ಮಣೆಯನ್ನು ಗಾಳಿ ಊದುವ ಪಂಖದ ಕಡೆ ಎಳೆದುಕೊಂಡು ಎಡಗೈಯಿಂದ ಅದರ ಹಿಡಿ ತಿರುಗಿಸತೊಡಗಿದ. ವೈನಿ ಮೊದಲ ಕುಡವನ್ನು ಕೆಂಡದೊಳಗೆ ತೂರಿಸಿ, ಅದರ ಬಣ್ಣದಿಂದ ಕಣ್ಣು ಕೀಳದೆ, "ಇನ್ನಷ್ಟ ಜೋರ" ಅಂದಳು.

ಅವನು ಜೋರು ಮಾಡಿದ.